ರೈಸ್ ಮಿಲ್ಲಿನ ಲಾಗ್ ಫೈಲ್

ಮೊಮ್ಮಗಳದು ಕಂಪ್ಯೂಟರ್ ನೆಟ್‌ವರ್ಕಿನ ಕೆಲಸ. ಅವಳ ಕೂಸು ಆಗಿನ್ನೂ ಮೊಲೆಹಾಲು ಬಿಟ್ಟಿರಲಿಲ್ಲ, ಹಾಗಾಗಿ ಅವಳು ಹೋದಲ್ಲಿಗೆಲ್ಲ ಅದನ್ನು ಎತ್ತಿಕೊಂಡು ನಾನೂ ಹೋಗಬೇಕಿತ್ತು. ನಂಜನಗೂಡಿನಲ್ಲಿ ಬಸ್ಸು ಹತ್ತಿ, ನರಸೀಪುರದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು ಬನ್ನೂರಿನ ಹತ್ತಿರದ ಮಿಲ್ಲು ಸೇರುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತಿತ್ತು.

ಆ ಮಿಲ್ಲಿನಲ್ಲಿ ಭತ್ತದ ಲಾರಿ ತೂಗುವ ಕಡೆ ಒಂದು ಕಂಪ್ಯೂಟರ್ ಇತ್ತು. ಅದಕ್ಕೂ ಆಫೀಸಿಗೂ ಆಗಾಗ ಸಂಪರ್ಕ ತಪ್ಪುತ್ತಿತ್ತು, ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು, ಬೈಗುಳ ಇವಳಿಗೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆಂದು ಮಾಲೀಕರು ಹೇಳಿಬಿಟ್ಟಿದ್ದರು. ಇವಳ ಮಿಕ್ಕ ಗಿರಾಕಿಗಳು ಸಣ್ಣಪುಟ್ಟವರು. ಆ ಮಿಲ್ಲು ತಪ್ಪಿದರೆ ಮನೆ ನಡೆಯುತ್ತಿರಲಿಲ್ಲ.

ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತಾರೆ. ಮಿಲ್ಲಿನ ಲೆಕ್ಕ ಬರೆಯುವ ರೈಟರ್ ಅದನ್ನು ತೋರಿಸಿ, "ಕೆಟ್ಟಾಗೆಲ್ಲ ನಾನೇ ಆಫ್ ಮಾಡಿ ಆನ್ ಮಾಡ್ತೀನಿ ಕಣವ್ವ" ಎಂದ.

"ಅದ್ಕೇ ಅಣ್ಣಾ ಏನೂ ಗೊತ್ತಾಗ್ತಿಲ್ಲ. ಎಲ್ಲಿ ಕೆಡ್ತು ಅಂತ ಅದು ನೆನಪಿಟ್ಕೊಂಡಿರ್ತದೆ. ನೀವು ಕರೆಂಟ್ ತೆಗುದ್ರೆ ಎಲ್ಲಾ ಅಳಿಸೋಯ್ತದೆ."

"ನನ್ನ ನೆನಪೇ ನೆಟ್ಟಗಿಲ್ಲ, ಇದಕ್ಕೆ ಬೇರೆ ನೆನಪಾ?"

ಅವಳು ಲ್ಯಾಪ್‌ಟಾಪಿನಿಂದ ಅದಕ್ಕೆ ವೈರು ಕೊಟ್ಟು ಕೂತಳು. ಪೆಟ್ಟಿಗೆಯ ಗಡಿಯಾರ ಯಾವುದೋ ಹಳೇ ವರ್ಷ ತೋರಿಸುತ್ತಿತ್ತು, ಮೊದಲು ಅದನ್ನು ಸರಿಮಾಡಿದಳು. ಆಮೇಲೆ, ಸಂಪರ್ಕ ತಪ್ಪಿದಾಗ ಬರುವ ಎಚ್ಚರಿಕೆಯೆಲ್ಲ ಕರೆಂಟ್ ಹೋದರೂ ಉಳಿಯುವ ಫೈಲಿಗೆ ಬೀಳುವ ಹಾಗೆ ಮಾಡಿದಳು. ಅದಕ್ಕೆ ಲಾಗ್ ಫೈಲ್ ಅನ್ನುತ್ತಾರಂತೆ. ನಾನು ಗೋಣಿಚೀಲದ ಮೇಲೆ ಕೂತಿದ್ದೆ, ಕೂಸು ನನ್ನ ಸೀರೆ ಒದ್ದೆ ಮಾಡಿತು. ಅವಳು ಪರೀಕ್ಷೆಗೆಂದು ಒಂದು ವೈರು ಕಿತ್ತು, ಮತ್ತೆ ಸಿಕ್ಕಿಸಿ, "ಈಗ ಆಫ್ ಮಾಡಿ ಅಣ್ಣಾ" ಎಂದಳು.

"ಈಗ ತಾನೆ ಬ್ಯಾಡ ಅಂದೆ."

"ಈಗ ಮಾಡಿ."

ಆಫಾಗಿ ಆನಾಯಿತು. ಫೈಲು ತೆಗೆದಳು. ವೈರು ಕಿತ್ತದ್ದನ್ನು ಬರೆದಿಟ್ಟ ಸಾಲು ಅಳಿಸದೆ ಹಾಗೇ ಇತ್ತು.

ಎರಡು ವಾರ ಬಿಟ್ಟು ಮತ್ತೆ ಫೋನು, ಇದೇ ಕೊನೇ ಸಲ ಎಂದು ಮತ್ತೆ ಬೈಗುಳ, ಮತ್ತೆ ನನ್ನ ಸೊಂಟ. ಫೈಲು ನೋಡಿದರೆ ತೂಕದ ಮನೆಯ ವೈರಿನ ಸಂಪರ್ಕವೊಂದೇ ತಪ್ಪಿತ್ತು. ಎರಡು ವಾರವೂ ಶುಕ್ರವಾರ ಬೆಳಿಗ್ಗೆ.

"ಶುಕ್ರವಾರ ಬೆಳಿಗ್ಗೆ ಏನ್ ಮಾಡ್ತೀರಣ್ಣಾ?"

"ಇನ್ನೇನ್ ಮಾಡ್ತೀವಿ, ಪೂಜೆ."

ಹೋಗಿ ನೋಡಿದೆವು. ತೂಕದ ಮನೆಯ ಬಾಗಿಲ ಮೇಲೆ ಮಾವಿನ ಸೊಪ್ಪಿನ ತೋರಣ. ಕಟ್ಟಿದ್ದು ನೆಟ್‌ವರ್ಕಿನ ವೈರಿಗೆ. ವಾರ ವಾರ ಒಣಗಿದ ಸೊಪ್ಪು ಎಳೆದು ಹೊಸದು ಸಿಕ್ಕಿಸುವಾಗ ಕಂಪ್ಯೂಟರ್ ಹಿಂದಿನ ಪಿನ್ನು ಸಡಿಲವಾಗುತ್ತಿತ್ತು.

"ದಾರ ಕಿತ್ತೋಗಿತ್ತು. ಈ ವೈರು ಗಟ್ಟಿಯಾಗಿ ಅದೆ ಅಂತ ಇದಕ್ಕೇ ಕಟ್ದೆ" ಎಂದ ರೈಟರ್.

ಮಾಲೀಕರು ಬಂದು ತೋರಣ ನೋಡಿದರು, ರೈಟರನ್ನು ನೋಡಿದರು. "ಒಂದು ಮೊಳೆ ಹೊಡ್ದು ದಾರ ಕಟ್ಟಪ್ಪ" ಅಂದು, ಇವಳಿಗೆ, "ಮುಂದಕ್ಕೂ ನೀನೇ ನೋಡ್ಕೊಳಮ್ಮ" ಎಂದರು. ಅಷ್ಟೇ. ಇಷ್ಟು ದಿನ ಬೈದದ್ದಕ್ಕೆ ಒಂದು ಮಾತಿಲ್ಲ.

ಬಸ್‌ಸ್ಟಾಪಿನಲ್ಲಿ ನಾನು ಕೇಳಿದೆ, "ತಪ್ಪಾಯ್ತು ಅಂತಾನಾದ್ರೂ ಅನ್ಬೇಡ್ವೇನೇ ಆವಯ್ಯ?"

"ಕೆಲ್ಸ ಉಳೀತಲ್ಲಜ್ಜಿ."

ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಿರಲಿಲ್ಲ, ಆದರೆ ವಾಪಸ್ಸು ಹೋಗಿ ಜಗಳ ತೆಗೆಯುವಷ್ಟು ತ್ರಾಣವೂ ಇರಲಿಲ್ಲ.