ಕಾಕಾನ ಗಾಲಿಯ ಗೀರು

ನಿನ್ನೆ ಮಧ್ಯಾಹ್ನ ತಳ ಹತ್ತಿದ ಜರ್ಮನ್ ಬೋಗುಣಿ ತಿಕ್ಕುತ್ತಿದ್ದೆ. ಅಲ್ಯುಮಿನಿಯಂ ಪಾತ್ರೆಗೆ ನಮ್ಮ ಕಡೆ ಹಾಗೇ ಅನ್ನುವುದು. ಬೆರಳ ಸಂದಿಯಿಂದ ಬೂದು ಬಣ್ಣದ ನೀರು ಇಳಿಯಿತು, ಜೊತೆಗೆ ಆ ಹಸಿ ಲೋಹದ ವಾಸನೆ. ಕೈ ಅಲ್ಲೇ ನಿಂತುಬಿಟ್ಟಿತು. ಅಣ್ಣಿಗೇರಿಯಲ್ಲಿ ನಮ್ಮ ಬಾಜು ಮನೆಯ ಕಾಕಾನ ಕೈಯಿಂದ ಬರುತ್ತಿದ್ದ ವಾಸನೆ ಅದು…

ಎಂಬತ್ತರ ದಶಕದ ಮಾತು. ಊರಿನ ಕಾರುಗಳ ಗಾಲಿ ಎಲ್ಲ ಕಬ್ಬಿಣದವು. ಹತ್ತಿ ವ್ಯಾಪಾರದ ಸಾಹುಕಾರರು ಮುಂಬಯಿಯಿಂದ ತಂದಿದ್ದ ಹಳೆಯ ವಿದೇಶಿ ಕಾರಿಗೆ ಮಾತ್ರ ಅಲ್ಯುಮಿನಿಯಂ ಗಾಲಿ. ಅದನ್ನು ಓಡಿಸುತ್ತಿದ್ದವನು ಕಾಕಾನ ಒಬ್ಬನೇ ಮಗ. ಗಾಲಿ ಮಂಕಾದರೆ ಬಿಚ್ಚಿ ತಂದು ಅಪ್ಪನ ಮುಂದೆ ಇಡುತ್ತಿದ್ದ.

ಕಾಕಾ ಅಂಗಳದಲ್ಲಿ ಗೋಣಿಚೀಲ ಹಾಸಿ, ಉಸುಕಿನ ಕಾಗದವನ್ನು ನೀರಲ್ಲಿ ಅದ್ದಿ ತಿಕ್ಕಲು ಕೂಡುತ್ತಿದ್ದ. ಮೊದಲು ಒರಟು ಕಾಗದ, ಆಮೇಲೆ ನುಣುಪು, ಆಮೇಲೆ ಇನ್ನೂ ನುಣುಪು. ಹಿಂದಿನ ಗೀರು ಪೂರಾ ಹೋಗುವ ತನಕ ಮುಂದಿನ ಕಾಗದ ಮುಟ್ಟುತ್ತಿರಲಿಲ್ಲ. ಕಣ್ಣನ್ನು ನಂಬದೆ ಉಗುರು ಆಡಿಸಿ ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಪಾಲಿಶ್ ಹಚ್ಚಿ ಉಜ್ಜಲು ಮೆತ್ತನೆಯ ಬಟ್ಟೆ ಬೇಕು. ನಾನು ಮ್ಯಾಟ್ರಿಕ್ ಮುಗಿಸಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದೆ. ಗೋಡೆಯ ಆಚೆಯಿಂದ ಕೂಗು ಬರುತ್ತಿತ್ತು: "ಯವ್ವಾ, ಚಿಂದಿ ಕೊಡಬೇ!"

ಚಿಂದಿ ಕೊಡಲು ಹೋದವಳು ಹೊಳೆಯುವ ಗಾಲಿಯಲ್ಲಿ ಹೆರಳು ಸರಿಮಾಡಿಕೊಂಡರೆ ಮಗ ಸುಮ್ಮನಿರುತ್ತಿರಲಿಲ್ಲ. "ನೋಡ್ಕೋ ಬೇ, ಮೂಗು ಅಗದಿ ಬದನಿಕಾಯಿ ಆಗೈತಿ."

"ನಿನ್ನ ಮಾರಿ ಬಾಳ ಚಂದ ಐತೇನ್ಲೇ?" ಎಂದು ಕಾಕಿ ಒಳಗಿನಿಂದಲೇ ಬೈಯುತ್ತಿದ್ದಳು.

ಒಂದು ವರ್ಷ ಮೊದಲ ಮಳೆಗೆ ಶಲವಡಿ ರಸ್ತೆಯ ಮೇಲೆ ಹೊಲದ ಕಪ್ಪು ಎರಿ ಮಣ್ಣು ಹರಿದು ಜಾರಿಕೆಯಾಗಿತ್ತು. ಕಾರು ಹಳ್ಳ ದಾಟುವ ಸಣ್ಣ ಪೂಲಿನ ಕಟ್ಟೆಗೆ ಬಡಿಯಿತು. ಅದರಲ್ಲಿ ಕಾಕಾನ ಮಗನೊಬ್ಬನೇ ಇದ್ದ. ಮನೆಗೆ ತಂದಾಗ ಉಸಿರಿರಲಿಲ್ಲ.

ತಿಂಗಳುಗಳ ಮೇಲೆ ಕಾರು ರಿಪೇರಿಯಾಯಿತು. ಕಟ್ಟೆಗೆ ಬಡಿದ ಗಾಲಿಯ ಅಂಚಿನಲ್ಲಿ ಆಳವಾದ ಗೀರು ಉಳಿದಿತ್ತು. ಸಾಹುಕಾರರು ಸಂಕೋಚದಿಂದ ಬಾಗಿಲಲ್ಲೇ ನಿಂತು, "ಹುಬ್ಬಳ್ಳಿಗೆ ಕಳಸ್ತೀನಿ, ನಿನಗ ಬ್ಯಾಡ" ಎಂದರು.

"ಇಲ್ರಿ ಸಾಹುಕಾರ್ರ. ಅದು ನನ್ನ ಕೈಲೇ ಆಗ್ಲಿ."

ಅಂದಿನಿಂದ ಗೋಡೆಯ ಆಚೆ ಗರಗರ ಸದ್ದು ಶುರುವಾಯಿತು. ಬೆಳಿಗ್ಗೆ ಒಲೆ ಹೊತ್ತುವ ಮೊದಲೇ, ಮತ್ತೆ ಉರಿಬಿಸಿಲಲ್ಲಿ… ಒರಟು ಕಾಗದದ ಸದ್ದೇ ಬೇರೆ, ನನಗೆ ಗೊತ್ತಾಗುತ್ತಿತ್ತು. ಅದು ಬದಲಾಗಲೇ ಇಲ್ಲ. ಮೆತ್ತನೆಯ ಚಿಂದಿಗಳನ್ನು ಆರಿಸಿ ಇಟ್ಟುಕೊಂಡು ಕೂಗಿಗಾಗಿ ಕಾದೆ. ಯಾರೂ ಕೂಗಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾರದೆ ನಾನೇ ಚಿಂದಿ ಹಿಡಿದು ಹೋದೆ. ಕಾಕಾ ಉಗುರು ಆಡಿಸುತ್ತಿದ್ದ. ಗೀರು ಯಾವಾಗಲೋ ಹೋಗಿತ್ತು. ಆ ಕಡೆಯ ಅಂಚು ಉಳಿದದ್ದಕ್ಕಿಂತ ತೆಳ್ಳಗಾಗಿತ್ತು.

"ಹೋಗೇತಲ್ಲ ಕಾಕಾ," ಎಂದೆ.

"ಇಲ್ಲೈತಿ ನೋಡು," ಎಂದು ನನ್ನ ಬೆರಳನ್ನು ಹಿಡಿದು ಅಂಚಿನ ಮೇಲೆ ಇಟ್ಟ. ಏನೂ ಸಿಗಲಿಲ್ಲ. ಆದರೂ ಇನ್ನೊಮ್ಮೆ ಬೆರಳು ಆಡಿಸಿ ನೋಡಿದೆ.

ಕಾಕಿ ಹೊರಗೆ ಬಂದಳು. "ಗಾಲಿ ಸವದು ಹೊಂಟೈತ್ರಿ. ಕಾಗದ ಇಡ್ರಿ ಇನ್ನ."

"ನನಗ ಕಾಣತೈತಿ."

"ನನಗೂ ಕಾಣತೈತ್ರಿ. ಕಂಡ್ರ ಕಾಣ್ಲಿ, ಹಂಗ ಹೊಳಸೂಣು."

ನಾನು ಚಿಂದಿ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ, ಮಗ ಹೋದ ದಿನ ಒಣಹಾಕಿದ್ದ, ಆಮೇಲೆ ಯಾರೂ ಮುಟ್ಟದೆ ಬಿಟ್ಟಿದ್ದ ಅವನ ಬನಿಯನ್ನನ್ನು ಹಗ್ಗದಿಂದ ಎಳೆದು ತಂದಳು. ಮಳೆ ಬಿಸಿಲಿಗೆ ಅದರ ಬಣ್ಣವೇ ಹೋಗಿತ್ತು. ಕಾಕಾನ ಕೈಯಿಂದ ಕಾಗದ ಬಿಡಿಸಿ ಇಟ್ಟಳು, ಬನಿಯನ್‌ಗೆ ಪಾಲಿಶ್ ಹಚ್ಚಿ ತಾನೇ ಉಜ್ಜತೊಡಗಿದಳು. ಬಹಳ ಹೊತ್ತಿನ ಮೇಲೆ ಕಾಕಾನೂ ಒಂದು ತುದಿ ಹಿಡಿದ. ನಡುವಿನ ಕಾಗದಗಳನ್ನೆಲ್ಲ ಬಿಟ್ಟು ಉಜ್ಜಿದ್ದರಿಂದ ಹೊಳಪು ಅಷ್ಟಕ್ಕಷ್ಟೇ ಬಂತು. ಅದರಲ್ಲಿ ಇಬ್ಬರ ಮುಖಗಳೂ ಮಸುಕಾಗಿ ಮೂಡಿದವು. ಅವರು ನೋಡುತ್ತಿದ್ದದ್ದು ತಮ್ಮ ಮುಖಗಳನ್ನಲ್ಲ…

ಮರುದಿನ ಸಾಹುಕಾರರ ಆಳು ಬಂದು ಗಾಲಿ ಒಯ್ದ. ಕಾಕಾ ಆಮೇಲೆ ಯಾವ ಗಾಲಿಯನ್ನೂ ಮುಟ್ಟಲಿಲ್ಲ. ಆದರೆ ನಾನು ಮದುವೆಯಾಗಿ ಆ ಮನೆ ಬಿಡುವವರೆಗೂ ಕೆಲವು ಮಧ್ಯಾಹ್ನ ಗೋಡೆಯ ಆಚೆ ಗರಗರ ಕೇಳಿ ಹೊಲಿಗೆ ನಿಲ್ಲಿಸುತ್ತಿದ್ದೆ. ಹೋಗಿ ನೋಡಿದರೆ ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ.

ಈಗ ಕಾಕಾನೂ ಇಲ್ಲ, ಕಾಕಿಯೂ ಇಲ್ಲ. ನಮ್ಮ ಮನೆಯವರು ತೀರಿಕೊಂಡು ಈ ಸುಗ್ಗಿಗೆ ವರ್ಷವಾಗುತ್ತದೆ. ನಿನ್ನೆ ಬೋಗುಣಿಯ ಕಲೆ ಪೂರಾ ಹೋಗುವ ಮೊದಲೇ ತಿಕ್ಕುವುದನ್ನು ಬಿಟ್ಟು ಎದ್ದೆ. ಒರೆಸಲು ಬಟ್ಟೆಗಾಗಿ ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ಅವರ ಟವೆಲು ಹಾಗೇ ಇದೆ. ಕೈ ಚಾಚಿದೆ, ತುದಿ ಮುಟ್ಟಿದೆ… ಕಾಕಿಯ ಗಟ್ಟಿತನ ನನ್ನ ಕೈಗಿನ್ನೂ ಬಂದಿಲ್ಲ. ಬೋಗುಣಿಯನ್ನು ಬಿಸಿಲಿಗೆ ಬೋರಲು ಹಾಕಿ ಒಳಗೆ ಬಂದೆ.