ನಾನು ವಾಲ್ಟ್ಸ್ ಕುಣಿದದ್ದು

ಬೆಳಿಗ್ಗೆ ಕಪಾಟು ತೆರೆದರೆ ಬೂಟ್‌ಪಾಲಿಶಿನ ಘಾಟು ಮೂಗಿಗೆ ಬಡಿಯಿತು. ನನ್ನ ಕರಿ ಬೂಟು ಒಂದೇ ಒಂದು ಸಲ ಹೊರಗೆ ಹೋದದ್ದು, ಅದೂ ಕುಣಿಯಲಿಕ್ಕೆ. ನಗಬೇಡಿ.

ಮೂಡುಬಿದಿರೆಯಲ್ಲಿ ನಮ್ಮ ನೆರೆಯವರು ಫಿಲೋಮಿನಾ ಟೀಚರ್. ತಮ್ಮ ಮಗನ ಮದುವೆಯ ರಿಸೆಪ್ಶನಿನಲ್ಲಿ ನಾವು ಗಂಡಹೆಂಡತಿ ಇಬ್ಬರೂ ಕುಣಿಯಲೇಬೇಕೆಂದು ಅವರ ಅಪ್ಪಣೆಯಾಯಿತು. ನಾನು ಸೊಂಟನೋವಿನ ನೆಪ ತೆಗೆದೆ. ಹೆಂಡತಿ ಸುಮತಿ ಮಾತ್ರ, "ಧಾರೆಯ ದಿನ ಬಿಟ್ಟರೆ ನಾಲ್ಕು ಜನರ ಎದುರು ನೀವು ನನ್ನ ಕೈ ಹಿಡಿದದ್ದುಂಟಾ? ನನಗೆ ಕುಣಿಯಬೇಕು ಮಾರಾಯ್ರೆ," ಎಂದಳು. ಅವಳು ಏನನ್ನೂ ಹಾಗೆ ಕೇಳಿದವಳಲ್ಲ. ನನ್ನ ಸೊಂಟ ತಕ್ಷಣ ಗುಣವಾಯಿತು.

ಟೀಚರ ಜಗಲಿಯಲ್ಲಿ ಪಾಠ ಶುರುವಾಯಿತು. ಹೊಸಬರಿಗೆ ಉಪಯೋಗವಾದೀತೆಂದು ಸಾರಾಂಶ ಹೇಳುತ್ತೇನೆ. ವಾಲ್ಟ್ಸ್ ಎಂದರೆ ಒಂದು-ಎರಡು-ಮೂರು ಎಣಿಸುತ್ತ, ತುಂಬಿದ ಕೊಡ ಹೊತ್ತವರ ಹಾಗೆ ತೇಲುವುದು. ಫಾಕ್ಸ್‌ಟ್ರಾಟ್‌ನಲ್ಲಿ ಎರಡು ಹೆಜ್ಜೆ ನಿಧಾನ, ಎರಡು ಅವಸರ; ವೇಣೂರಿನ ಬಸ್ಸು ಹೊರಡುವುದನ್ನು ಕಂಡೂ ಗಾಂಭೀರ್ಯ ಬಿಡದವರ ನಡಿಗೆ. ಕುಪ್ಪಳಿಸುವ ಜೈವ್‌ಗೆ ಗಟ್ಟಿ ಮೊಣಗಂಟು ಬೇಕು, ನಮ್ಮಲ್ಲಿ ಸ್ಟಾಕ್ ಇರಲಿಲ್ಲ. ಟ್ಯಾಂಗೋದಲ್ಲಿ ಮೈ ಹತ್ತಿರ, ಮುಖ ಬೇರೆ ದಿಕ್ಕಿಗೆ. ಅದರಲ್ಲಿ ಅರ್ಧ ನಮಗೆ ಮೊದಲೇ ಬರುತ್ತಿತ್ತು.

"ಗಂಡಸು ನಡೆಸಬೇಕು, ಹೆಂಗಸು ಅನುಸರಿಸಬೇಕು," ಎಂದರು ಟೀಚರ್.

"ಇವರು ನಡೆಸಿದರೆ ನಾವು ಸೀದಾ ನಿಮ್ಮ ಬಾವಿಗೆ ಮುಟ್ಟುತ್ತೇವೆ," ಎಂದಳು ಸುಮತಿ.

ಆ ದಿನ ಬಂತು. ಹೂವು ಸುತ್ತಿದ ಹೊಳೆಯುವ ನೆಲ, ಸುತ್ತ ಇಡೀ ಊರು. ನಮ್ಮ ಕಡೆ ರಂಗಸ್ಥಳವಾಗಲಿ ಮಂಟಪವಾಗಲಿ, ಯಾರೂ ಚಪ್ಪಲಿ ಹಾಕಿಕೊಂಡು ಹತ್ತುವುದಿಲ್ಲ ನೋಡಿ. ಅಭ್ಯಾಸಬಲದಿಂದ ನಾನು ಬೂಟು ಕಳಚಿ, ಬಗ್ಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಸಭೆ ಗೊಳ್ಳೆಂದಿತು. ಸುಮತಿಯ ಒಂದೇ ಒಂದು ಆಸೆಯನ್ನು ಮಣ್ಣುಪಾಲು ಮಾಡಿದೆನಲ್ಲ ಎಂದುಕೊಂಡೆ. ತಿರುಗಿ ನೋಡಿದರೆ, ದುಬೈಯಿಂದ ಬಂದ ಮದುಮಗನ ಮಾವ ಇದೂ ಒಂದು ಪದ್ಧತಿಯೆಂದು ತಿಳಿದು ತಮ್ಮ ಬೂಟಿನ ಲೇಸು ಬಿಚ್ಚುತ್ತಿದ್ದಾರೆ! ಅವರ ಹಿಂದೆ ಜೋಡಿಗಳ ಸಾಲಿಗೆ ಸಾಲೇ ಬಗ್ಗಿದೆ. ಬ್ಯಾಂಡಿನವರು ಪಾಪ, ಕಾದರು.

ಸುಮತಿಯೂ ಚಪ್ಪಲಿ ಬಿಟ್ಟು ಕೈ ಚಾಚಿದಳು. "ಇನ್ನು ಕುಣಿಯುವ ಮಾರಾಯ್ರೆ. ಬೆರಳು ನೋಡಬೇಡಿ, ನನ್ನನ್ನು ನೋಡಿ."

ನೋಡಿದೆ. ಎಣಿಕೆ ತಪ್ಪಿತು, ಅವಳ ಕಾಲು ತುಳಿದೆ, ಯಾರು ಯಾರನ್ನು ನಡೆಸಿದರೋ ದೇವರಿಗೇ ಗೊತ್ತು. ಅಷ್ಟು ಸಂತೋಷ ನನಗೆ ಬೇರೆ ಯಾವ ಮದುವೆಯಲ್ಲೂ ಆಗಿಲ್ಲ, ನನ್ನದನ್ನೂ ಸೇರಿಸಿ.

ಈಗಷ್ಟೇ ಪೇಟೆಗೆ ಹೋಗಿ ಬಂದೆವು. ರಸ್ತೆ ದಾಟಲು ಅವಳ ಕೈ ಹಿಡಿದೆ. ಆಚೆ ಬದಿ ಮುಟ್ಟಿದ ಮೇಲೂ ಹಿಡಿದೇ ಇದ್ದುದನ್ನು ಕಂಡು ತರಕಾರಿ ಅಂಗಡಿಯವ ಗಾಬರಿಯಾದ.

"ಏನಣ್ಣ, ಅಕ್ಕನಿಗೆ ಹುಷಾರಿಲ್ವಾ?"

"ಹುಷಾರುಂಟು," ಎಂದೆ. ಕೈ ಬಿಡಲಿಲ್ಲ.