ರಂಗ್ಯಾನ ಕೊರಳ ಗೆಜ್ಜೆ

ಅಕ್ಕಾ, ರಂಗ್ಯಾ ಸತ್ತದ್ದು ನಿನ್ನಿಂದಲ್ಲ, ನನ್ನಿಂದ. ಆದರೆ ಆ ದಿನ ನಾನು ನಿಜವಾಗಿ ಏನು ಮಾಡಿದೆ ಎಂಬುದು ಬಹಳ ವರ್ಷ ನನಗೆ ಖಚಿತವಿರಲಿಲ್ಲ — ಖಚಿತವಿಲ್ಲ ಎಂದುಕೊಳ್ಳುವುದು ಅನುಕೂಲವೂ ಆಗಿತ್ತು. ನೆನಪು ನಂಬಿಕಸ್ಥ ಸಾಕ್ಷಿಯಲ್ಲ ಎಂದು ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತಿದ್ದೆ. ಆದ್ದರಿಂದ ನೆನಪಿರುವುದನ್ನು ಮೊದಲು ಹೇಳುತ್ತೇನೆ, ಪರೀಕ್ಷಿಸಿ ನೋಡಿದ್ದನ್ನು ಕೊನೆಗೆ.

ಆಗ ಅಪ್ಪ ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೆಲಸದಲ್ಲಿದ್ದ. ಗೋವಾ ಬಿಟ್ಟು ಹೊರಟಿದ್ದ ಸಾಹೇಬರೊಬ್ಬರು ತಮ್ಮ ಸ್ಪ್ಯಾನಿಯಲ್ ನಾಯಿಯನ್ನು ಅವನ ಕೈಗೆ ಕೊಟ್ಟುಹೋದರು. ಅದೇ ನಮ್ಮ ರಂಗ್ಯಾ. ಕೆಂಚು ಬಣ್ಣ, ಜೋತುಬಿದ್ದ ಕಿವಿ, ಒಂದು ಗಳಿಗೆಯೂ ನೆಲದ ಮೇಲೆ ನಿಲ್ಲದ ಕಾಲು. ಅವ್ವ ನೋಡಿದವಳೇ, "ಅಯ್ಯ ನಮ್ಮಪ್ಪಾ, ಇದರ ಕಿವಿ ನನ್ನ ಸೆರಗಿಗಿಂತ ಉದ್ದ ಅದಾವಲ್ರೀ!" ಎಂದು ನಕ್ಕಿದ್ದಳು. ಉಣ್ಣುವಾಗ ಆ ಕಿವಿಗಳು ಸಾರಿನಲ್ಲಿ ಅದ್ದಬಾರದೆಂದು ನೀನು ನಿನ್ನ ರಿಬ್ಬನ್ನಿನಿಂದ ಎರಡನ್ನೂ ಸೇರಿಸಿ ತಲೆಯ ಮೇಲೆ ಕಟ್ಟುತ್ತಿದ್ದೆ. ಬೆಳಿಗ್ಗೆ, ಸಂಜೆ ದಂಡೆಯ ಮೇಲೆ ಓಡಿಸಿಕೊಂಡು ಬರುತ್ತಿದ್ದವಳೂ ನೀನೇ. ಓಡಿಸದ ದಿನ ಅದು ಮನೆಯ ಪಾತ್ರೆಗಳನ್ನೆಲ್ಲ ಓಡಿಸುತ್ತಿತ್ತು.

ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಹೊಂದಿಕೊಂಡೇ ಅದಿರು ಲಾರಿಗಳ ರಸ್ತೆ. ಸೆಕೆಗೆ ಬಾಗಿಲು ಮುಚ್ಚುವಂತಿರಲಿಲ್ಲ. ಅಪ್ಪ ಊರಿನಲ್ಲಿ ಎತ್ತಿಗೆ ಮಾಡುವಂತೆಯೇ ಮಾಡಿದ — ಊರಿಂದ ತಂದಿದ್ದ ಎತ್ತಿನ ಹಳೆಯ ಗೆಜ್ಜೆಸರದಿಂದ ಒಂದಷ್ಟು ಗೆಜ್ಜೆ ಬಿಚ್ಚಿ ರಂಗ್ಯಾನ ಕೊರಳಪಟ್ಟಿಗೆ ಹೊಲಿದ. ನೀನು ರೊಟ್ಟಿ ಬಡಿಯುತ್ತ ನಡುವೆ ಕೈ ಎತ್ತಿ ಹಿಡಿದು ಕೇಳಿಸಿಕೊಳ್ಳುತ್ತಿದ್ದೆ. ಗೆಜ್ಜೆ ಬಾಗಿಲ ಕಡೆ ಸರಿದರೆ "ಏ ರಂಗ್ಯಾ!" ಎಂದು ಒಂದು ಕೂಗು, ಅದು ತಿರುಗಿ ಬರುತ್ತಿತ್ತು. ಕಣ್ಣಿನಿಂದಲ್ಲ, ಕಿವಿಯಿಂದ ಅದನ್ನು ಸಾಕಿದವಳು ನೀನು.

ಪರೀಕ್ಷೆಗೆ ಓದಲೆಂದು ನಾನು ರಜೆಗೆ ಬಂದಿದ್ದೆ. ಆ ಗೆಜ್ಜೆ ನನ್ನ ತಲೆ ತಿನ್ನುತ್ತಿತ್ತು.

"ಅಕ್ಕಾ, ಅದನ್ನ ಬಿಚ್ಚಿ ಒಗಿ" ಎಂದೆ.

"ಬಿಚ್ಚಿದರ ಅದು ಎಲ್ಲೈತಿ ಅಂತ ನನಗ ಹೆಂಗ ತಿಳೀಬೇಕೋ ಶಾಣ್ಯಾ? ನೀ ದಿನಾ ಗಟ್ಟಿಯಾಗಿ ಓದ್ತಿ, ಅದೇನು ನಿನ್ನ ಬಾಯಾಗ ಅರಿವಿ ತುರುಕು ಅಂತೈತೇನು?"

ನೀನು ನಗುತ್ತ ಹೇಳಿದ್ದು. ನಾನು ಅದನ್ನೇ ಮಾಡಿದೆ — ಅಥವಾ ಮಾಡಿದೆನೆಂದು ನನ್ನ ನೆನಪು ಹೇಳುತ್ತದೆ. ನೀನು ಒಲೆಯ ಮುಂದಿದ್ದಾಗ ರಂಗ್ಯಾನನ್ನು ತೊಡೆಯ ಮೇಲೆ ಎಳೆದುಕೊಂಡು, ಗೆಜ್ಜೆಗಳ ಸೀಳಿನೊಳಗೆ ಅರಿವೆಯ ಚೂರು ತುರುಕಿದೆ. ಅದು ನನ್ನ ಕೈ ನೆಕ್ಕಿತು. ಮನೆ ತಣ್ಣಗಾಯಿತು. ನಾನು ಪುಸ್ತಕ ತೆರೆದೆ.

ಆಮೇಲೆ ಲಾರಿಯ ಬ್ರೇಕು.

ಮೊದಲು ಓಡಿದವನು ನಾನು. ಕೊರಳಪಟ್ಟಿ ಬಿಚ್ಚಿ, ಆ ಕೆಂಪು ಧೂಳಿನಲ್ಲೇ ಕುಕ್ಕರಗಾಲಲ್ಲಿ ಕೂತು, ಪೆನ್ನಿನ ಮುಳ್ಳಿನಿಂದ ಅರಿವೆ ಎಳೆದು ತೆಗೆದಂತೆ ನೆನಪು. ನೀನೂ ಅವ್ವನೂ ಬಂದಾಗ ಕೊರಳಪಟ್ಟಿ ನನ್ನ ಕೈಯಲ್ಲಿ ಗಲ್ ಎನ್ನುತ್ತಿತ್ತು.

"ಕೊಳ್ಳಾಗ ಗೆಜ್ಜಿ ಇದ್ದೂ ಕೇಳಲಿಲ್ಲಂದ್ರ ನಿನ್ನ ಕಿವಿ ಎಲ್ಲಿದ್ದವು?" ಎಂದಳು ಅವ್ವ.

"ಕೇಳಲಿಲ್ಲವ್ವಾ. ಖರೇನ ಕೇಳಲಿಲ್ಲ."

ಅಷ್ಟೇ ಹೇಳಿದೆ ನೀನು. ನಾನು ಅದನ್ನೂ ಹೇಳಲಿಲ್ಲ.

ಮುಂದಿನ ವರ್ಷಗಳಲ್ಲಿ ನನ್ನೊಳಗೆ ಇನ್ನೊಂದು ವಾದ ಬೆಳೆಯಿತು. ಅರಿವೆ ತುರುಕಿದ್ದೇ ಸುಳ್ಳಿರಬಹುದು. ದುಃಖಕ್ಕೆ ಕಾರಣ ಹುಡುಕುವ ಮನಸ್ಸು ತಾನೇ ಕಟ್ಟಿದ ಕತೆಯಿರಬಹುದು... ಎಲ್ಲವನ್ನೂ ಪ್ರಶ್ನಿಸುವವನೆಂದು ನಾನು ಹೆಸರು ಮಾಡಿದ್ದೆ. ಈ ಒಂದನ್ನು ಮಾತ್ರ ಪ್ರಶ್ನೆಯಾಗಿಯೇ ಇಟ್ಟುಕೊಂಡೆ, ಉತ್ತರ ಸಿಕ್ಕೀತೆಂಬ ಹೆದರಿಕೆಯಿಂದ.

ಕಳೆದ ತಿಂಗಳು ಮ್ಹಾಪಸಾದ ನಿನ್ನ ಮನೆಗೆ ಬಂದಿದ್ದೆನಲ್ಲ. ಪಕ್ಕದ ಮನೆಯ ಹೆಂಗಸು — ನೀನು ಬಾಯಿ ಎಂದು ಕರೆಯುವವಳು — ತನ್ನ ಕೂಸನ್ನು ಹಾಸಿಗೆಯಲ್ಲಿ ಮಲಗಿಸಿ, ಸಂತೆಗೆ ಹೋಗಿಬರುವವರೆಗೆ ನೋಡಿಕೋ ಎಂದಳು. ನೀನು ಎರಡು ಹೆಜ್ಜೆ ಹಿಂದೆ ಸರಿದೆ. "ಬ್ಯಾಡ್ರೀ ಬಾಯಿ. ನನ್ನ ಕಿವಿ ಮ್ಯಾಲ ನನಗ ಭರೋಸಾ ಇಲ್ಲ." ಪಣಜಿಯ ಡಾಕ್ಟರು ಕಿವಿ ಚಲೋ ಇವೆ ಎಂದರೂ ನೀನು ನಂಬಲಿಲ್ಲವೆಂದು ಭಾವ ಆಮೇಲೆ ಹೇಳಿದ. ನಿನ್ನ ಮಗಳು ತೊಟ್ಟಿಲಲ್ಲಿದ್ದಾಗ ನೀನು ಸ್ಟೋವನ್ನೇ ತೊಟ್ಟಿಲ ಪಕ್ಕಕ್ಕೆ ಎಳೆದುಕೊಂಡು ಅಡುಗೆ ಮಾಡುತ್ತಿದ್ದೆ. ನಾನದನ್ನು ಇಷ್ಟು ದಿನ ತಾಯಿಯ ಅಕ್ಕರೆ ಎಂದುಕೊಂಡಿದ್ದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುವೆ, ನನ್ನ ಭಾರ ಇಳಿಯುತ್ತದೆ, ಅಷ್ಟೇ. ಬರುವ ಶುಕ್ರವಾರ ಮ್ಹಾಪಸಾಕ್ಕೆ ಬರುತ್ತೇನೆ. ಇದನ್ನೆಲ್ಲ ಭಾವನ ಎದುರು, ನಿನ್ನ ಮಗಳ ಎದುರು ಬಾಯಿಬಿಟ್ಟು ಹೇಳುತ್ತೇನೆ. ಕೊರಳಪಟ್ಟಿಯನ್ನೂ ತರುತ್ತೇನೆ.

ಅದು ಇಷ್ಟು ವರ್ಷ ಅಪ್ಪನ ಟ್ರಂಕಿನಲ್ಲಿತ್ತು. ಮೊನ್ನೆ ತೆಗೆದು ಒಂದೊಂದೇ ಗೆಜ್ಜೆಯನ್ನು ಬೆರಳಿನಿಂದ ತಟ್ಟಿದೆ. ಎಲ್ಲ ನುಡಿದವು, ಬಕ್ಕಲಿನ ಹತ್ತಿರದ ಒಂದು ನುಡಿಯಲಿಲ್ಲ. ಪಿನ್ನು ಹಾಕಿ ಎಳೆದೆ. ಒಳಗಿಂದ ಅರಿವೆಯ ಚೂರು ಬಂತು — ನಾನು ಪೆನ್ನು ಒರೆಸುತ್ತಿದ್ದ ಅರಿವೆ, ನೀಲಿ ಶಾಯಿಯ ಕಲೆ ಇನ್ನೂ ಇದೆ.